ಯಾವ ಕೇಸಿಗೆ ಯಾವ ಲಾಯರು? ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲೇ ಹೇಳಿಬಿಡುತ್ತೇನೆ, ನಾನು ಲಾಯರಲ್ಲ. ತಾಲ್ಲೂಕು ಕೋರ್ಟಿನ ಎದುರು ವಕೀಲರೊಬ್ಬರ ಆಫೀಸಿನಲ್ಲಿ ಇಪ್ಪತ್ತೆರಡು ವರ್ಷ ಗುಮಾಸ್ತನಾಗಿದ್ದೆ. ಫೈಲು ಕಟ್ಟಿದ್ದೇನೆ, ನಕಲು ಅರ್ಜಿ ಹಾಕಿದ್ದೇನೆ, ಕೇಸು ಕೂಗುವ ಹೊತ್ತಿಗೆ ಟೀ ಅಂಗಡಿಯಿಂದ ಕಕ್ಷಿದಾರರನ್ನು ಎಳೆದು ತಂದಿದ್ದೇನೆ. ಊರಿನವರು, ನೆಂಟರು ಈಗಲೂ ಫೋನ್ ಮಾಡಿ "ಒಬ್ಬ ಒಳ್ಳೆ ಲಾಯರ್ ಹೆಸರು ಹೇಳಿ" ಅನ್ನುತ್ತಾರೆ. ನಾನು ತಿರುಗಿ ಕೇಳುವುದು ಒಂದೇ: "ಯಾವ ಕೋರ್ಟು?" ಸುಮಾರು ಜನಕ್ಕೆ ಅದೇ ಗೊತ್ತಿರುವುದಿಲ್ಲ. ಅವರು ಕೇಳುವ ಪ್ರಶ್ನೆಗಳನ್ನೇ ಇಲ್ಲಿ ಬರೆದಿದ್ದೇನೆ.

ಕೋರ್ಟು ಯಾವುದಾದರೇನು, ಒಳ್ಳೆ ಲಾಯರ್ ಎಲ್ಲಾ ಕಡೆ ಒಳ್ಳೆಯವರೇ ಅಲ್ವಾ?

ಅಲ್ಲ. ಸನ್ನದು (ವಕೀಲಿ ಮಾಡುವ ಪರವಾನಗಿ) ಇರುವ ವಕೀಲರು ಯಾವ ಕೋರ್ಟಿನಲ್ಲಿ ಬೇಕಾದರೂ ನಿಲ್ಲಬಹುದು, ಕಾನೂನಿನಲ್ಲಿ ಅಡ್ಡಿಯಿಲ್ಲ. ಆದರೆ ದಿನಾ ಜಾಮೀನು ಅರ್ಜಿ ವಾದಿಸುವವರಿಗೆ ಭಾಗದ ದಾವೆಯ, ಅಂದರೆ ಆಸ್ತಿಯಲ್ಲಿ ಪಾಲು ಕೇಳುವ ಕೇಸಿನ, ವಂಶವೃಕ್ಷ ಬಿಡಿಸುವುದು ಕಷ್ಟ. ಎ.ಸಿ. (ಉಪವಿಭಾಗಾಧಿಕಾರಿ) ಕೋರ್ಟಿನಲ್ಲಿ ಪಳಗಿದವರಿಗೆ ಪಾಟೀಸವಾಲಿನ, ಅಂದರೆ ಎದುರು ಕಡೆಯ ಸಾಕ್ಷಿಯನ್ನು ಪ್ರಶ್ನಿಸುವ ರೂಢಿ ತಪ್ಪಿಹೋಗಿರುತ್ತದೆ. ಕಣ್ಣಿನ ಡಾಕ್ಟರ ಹತ್ತಿರ ಮಂಡಿನೋವಿಗೆ ಹೋಗುವುದಿಲ್ಲವಲ್ಲ, ಹಾಗೆ. ನಿಮ್ಮ ತಾಲ್ಲೂಕಿನಲ್ಲಿ ಎಲ್ಲಾ ಥರದ ಕೇಸು ನೋಡುವವರೇ ಜಾಸ್ತಿ ಇರಬಹುದು. ಪರವಾಗಿಲ್ಲ. "ನನ್ನ ಥರದ ಕೇಸು ಈಗ ನಿಮ್ಮ ಹತ್ತಿರ ಎಷ್ಟಿವೆ, ಯಾವ ಹಂತದಲ್ಲಿವೆ?" ಅಂತ ಕೇಳಿ. ದಿನಾ ಅದನ್ನೇ ಮಾಡುವವರು ತಡವರಿಸುವುದಿಲ್ಲ.

ನಮ್ಮದು ಜಮೀನಿನ ತಕರಾರು. ಯಾರ ಹತ್ತಿರ ಹೋಗಬೇಕು?

ಕರ್ನಾಟಕದಲ್ಲಿ ಜನ ದಾರಿ ತಪ್ಪುವುದು ಹೆಚ್ಚಾಗಿ ಇಲ್ಲೇ. ಜಮೀನಿನ ತಕರಾರು ಅಂದರೆ ಒಂದೇ ಅಲ್ಲ, ನಾಲ್ಕೈದು ಬೇರೆ ಬೇರೆ ತಕರಾರುಗಳು.

ಪಹಣಿಯಲ್ಲಿ ಹೆಸರು ತಪ್ಪಾಗಿದೆ, ಖಾತೆ ಬದಲಾವಣೆಗೆ ಯಾರೋ ಆಕ್ಷೇಪಣೆ ಹಾಕಿದ್ದಾರೆ ಅಂದರೆ ಅದು ಕಂದಾಯ ಇಲಾಖೆಯ ವಿಷಯ. ಮ್ಯುಟೇಶನ್ (ಖಾತೆ ಬದಲಾವಣೆ) ಆದೇಶ ಸರಿಯಿಲ್ಲದಿದ್ದರೆ 1964ರ ಭೂ ಕಂದಾಯ ಕಾಯ್ದೆಯ 136ನೇ ಕಲಮಿನ ಪ್ರಕಾರ ಉಪವಿಭಾಗಾಧಿಕಾರಿಗೆ, ಅಂದರೆ ಎ.ಸಿ.ಗೆ ಮೇಲ್ಮನವಿ. ಅದರ ಮೇಲೆ ಡಿ.ಸಿ. ಗಡಿ ಒತ್ತುವರಿಯ ಅನುಮಾನ ಇದ್ದರೆ ಮೊದಲು ಸರ್ವೆಯವರಿಂದ ಹದ್ದುಬಸ್ತು (ಗಡಿ ಅಳತೆ) ಮಾಡಿಸಿ. ಲಾಯರು ಆಮೇಲೆ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ಕೈಬದಲಾಗಿದ್ದರೆ ಅದಕ್ಕೆ 1978ರ ಪಿ.ಟಿ.ಸಿ.ಎಲ್. ಕಾಯ್ದೆ ಇದೆ. ಅದೂ ಎ.ಸಿ. ಕೋರ್ಟಿನಿಂದಲೇ ಶುರು. ಆದರೆ "ಜಮೀನು ಯಾರದು" ಅನ್ನುವುದೇ ಜಗಳವಾದರೆ, ಅಥವಾ ಭಾಗ ಬೇಕು ಅಂದರೆ, ಸಿವಿಲ್ ಕೋರ್ಟು.

ಒಬ್ಬ ಹಿರಿಯರು ನೆನಪಾಗುತ್ತಾರೆ. ತಂದೆ ತೀರಿಕೊಂಡ ಮೇಲೆ ಅಣ್ಣ ಮೂರೂವರೆ ಎಕರೆಯನ್ನೂ ತನ್ನೊಬ್ಬನ ಹೆಸರಿಗೆ ಪಹಣಿ ಮಾಡಿಸಿಕೊಂಡಿದ್ದ. ಇವರು ಎ.ಸಿ. ಹತ್ತಿರ ನಾಲ್ಕು ವರ್ಷ, ಡಿ.ಸಿ. ಹತ್ತಿರ ಎರಡು ವರ್ಷ ಓಡಾಡಿದರು. ಕೊನೆಗೆ ಬಂದ ಆದೇಶ: ಹಕ್ಕಿನ ಪ್ರಶ್ನೆ ಇರುವುದರಿಂದ ಸಿವಿಲ್ ಕೋರ್ಟಿಗೆ ಹೋಗಿ. ಗೊಬ್ಬರದ ಚೀಲದ ತುಂಬ ಕಾಗದ ಹೊತ್ತು ನಮ್ಮ ಆಫೀಸಿಗೆ ಬಂದರು. ಟೇಬಲ್ ಮೇಲೆ ಸುರಿದಾಗ ಆರು ವರ್ಷದ ಬಸ್ ಟಿಕೆಟುಗಳೂ ಉದುರಿದವು. ಭಾಗದ ದಾವೆಯನ್ನು ನಾವು ಹಾಕಿದ್ದು ಆ ದಿನವಲ್ಲ, ಇನ್ನೂ ಎರಡು ತಿಂಗಳ ಮೇಲೆ. ಯಾಕೆಂದರೆ ತಂಗಿಯರನ್ನು ಎಲ್ಲೂ ಸೇರಿಸಿರಲಿಲ್ಲ. ಹೆಣ್ಣುಮಕ್ಕಳಿಗೂ ಸಮಪಾಲು ಅನ್ನುವುದು ನಮ್ಮ ರಾಜ್ಯದಲ್ಲಿ 1994ರಲ್ಲೇ ಬಂತು, 2005ರಲ್ಲಿ ಇಡೀ ದೇಶಕ್ಕೆ ಬಂತು. ಅವರನ್ನು ಬಿಟ್ಟು ಭಾಗ ಕೇಳಿದರೆ ದಾವೆ ನಿಲ್ಲುವುದಿಲ್ಲ.

ಆರು ವರ್ಷ ಅವರ ಪರವಾಗಿ ನಿಂತಿದ್ದ ಲಾಯರು ಕೆಟ್ಟವರೇನಲ್ಲ. ಕಂದಾಯ ಕೇಸುಗಳಲ್ಲಿ ನಮ್ಮ ಭಾಗಕ್ಕೇ ಹೆಸರಾದವರು. ಅದಕ್ಕೇ ಅವರಿಗೆ ಎಲ್ಲವೂ ಕಂದಾಯ ಕೇಸಾಗಿಯೇ ಕಂಡಿತು ಅನಿಸುತ್ತದೆ.

ಲಾಯರೇ ಬೇಕಾಗಿಲ್ಲದ ಕೇಸುಗಳೂ ಇವೆಯಾ?

ಇವೆ. ಗ್ರಾಹಕರ ಆಯೋಗದಲ್ಲಿ ನೀವೇ ದೂರು ಕೊಟ್ಟು ನೀವೇ ಮಾತಾಡಬಹುದು. ಕೊಟ್ಟ ಹಣ 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗ ಸಾಕು, 5 ಲಕ್ಷದವರೆಗೆ ಶುಲ್ಕವೂ ಇಲ್ಲ. ಎರಡು ವರ್ಷದೊಳಗೆ ಹೋಗಬೇಕು. ಫ್ಲಾಟ್ ಕೊಡಲು ಬಿಲ್ಡರ್ ಸತಾಯಿಸುತ್ತಿದ್ದರೆ ರಿಯಲ್ ಎಸ್ಟೇಟ್ ಪ್ರಾಧಿಕಾರವಾದ ರೇರಾದಲ್ಲೂ ನೀವೇ ದೂರು ಕೊಡಬಹುದು. ಮಾಹಿತಿ ಹಕ್ಕಿನ ಅರ್ಜಿಗಂತೂ ಲಾಯರ್ ಯಾತಕ್ಕೆ? ಇಂಥ ಅರ್ಜಿಗೆ ಯಾರಾದರೂ ಐದು ಸಾವಿರ ಕೇಳಿದರೆ ನಮಸ್ಕಾರ ಹೇಳಿ ಎದ್ದು ಬನ್ನಿ.

ಕೌಟುಂಬಿಕ ನ್ಯಾಯಾಲಯದ್ದು ಬೇರೆ ಕಥೆ. 1984ರ ಕಾಯ್ದೆಯ ಪ್ರಕಾರ ಅಲ್ಲಿ ಲಾಯರನ್ನು ಇಟ್ಟುಕೊಳ್ಳುವುದು ಹಕ್ಕಲ್ಲ, ನ್ಯಾಯಾಧೀಶರ ಅನುಮತಿ ಬೇಕು. ಆದರೂ ಸಾಮಾನ್ಯವಾಗಿ ಲಾಯರುಗಳು ಇದ್ದೇ ಇರುತ್ತಾರೆ. ಜೀವನಾಂಶ, ಮಕ್ಕಳು, ಸೈಟು ಎಲ್ಲಾ ಸೇರಿಕೊಂಡಿದ್ದರೆ ಒಬ್ಬರು ಇರುವುದೇ ಒಳ್ಳೆಯದು. ನನ್ನ ಒಂದು ಸಲಹೆ: ಮೊದಲ ಭೇಟಿಯಲ್ಲೇ "ಅವರ ಮೇಲೆ ಇನ್ನೂ ಮೂರು ಕೇಸು ಹಾಕೋಣ" ಅನ್ನುವವರ ಹತ್ತಿರ ಹುಷಾರಾಗಿರಿ. ಆ ಮೂರಕ್ಕೂ ಓಡಾಡಬೇಕಾದವರು ನೀವೇ.

ಇವರು ನಿಜವಾಗಿ ವಕೀಲರೇ ಅಂತ ತಿಳಿಯುವುದು ಹೇಗೆ?

ಕರಿಕೋಟು ಯಾರು ಬೇಕಾದರೂ ಹೊಲಿಸಿಕೊಳ್ಳಬಹುದು. ನೋಂದಣಿ ಸಂಖ್ಯೆ ಕೇಳಿ. ನಮ್ಮ ರಾಜ್ಯದ್ದಾದರೆ ಕೆಎಆರ್ ಅಂತ ಶುರುವಾಗಿ, ಒಂದು ಸಂಖ್ಯೆ, ಕೊನೆಗೆ ನೋಂದಾಯಿಸಿದ ವರ್ಷ ಇರುತ್ತದೆ. ವಕಾಲತ್ತಿನ (ನಿಮ್ಮ ಪರ ನಿಲ್ಲಲು ನೀವು ಸಹಿ ಮಾಡಿಕೊಡುವ ಪತ್ರದ) ಮೇಲೂ ಅದನ್ನು ಬರೆಯುತ್ತಾರೆ. ಅನುಮಾನ ಇದ್ದರೆ ಬೆಂಗಳೂರಿನಲ್ಲಿರುವ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನಲ್ಲಿ ವಿಚಾರಿಸಬಹುದು. ವಕೀಲರ ಸಂಘ ಬೇರೆ, ಪರಿಷತ್ತು ಬೇರೆ. ಸಂಘ ಆಯಾ ಊರಿನದು. ಸನ್ನದು ಕೊಡುವುದು, ಕಿತ್ತುಕೊಳ್ಳುವುದು ಪರಿಷತ್ತು.

ಕೋರ್ಟಿನ ಗೇಟಿನಲ್ಲಿ, ಸ್ಟೇಷನ್ ಮುಂದೆ, ಆಸ್ಪತ್ರೆಯ ಆಕ್ಸಿಡೆಂಟ್ ವಾರ್ಡಿನಲ್ಲಿ "ನಮ್ಮ ಲಾಯರ್ ಇದ್ದಾರೆ ಬನ್ನಿ" ಅಂತ ಕೈ ಹಿಡಿಯುವವರು ಇರುತ್ತಾರೆ. ಅವರ ಕಮಿಷನ್ನು ನಿಮ್ಮ ಫೀಸಿನಲ್ಲೇ ಸೇರಿರುತ್ತದೆ. ಇಂಥ ದಲ್ಲಾಳಿಗಳ ಪಟ್ಟಿ ಮಾಡಿ ಪ್ರಕಟಿಸುವ ಅಧಿಕಾರವನ್ನು ವಕೀಲರ ಕಾಯ್ದೆಯ 2023ರ ತಿದ್ದುಪಡಿ ನ್ಯಾಯಾಧೀಶರಿಗೆ ಕೊಟ್ಟಿದೆ. ವಕೀಲರು ಜಾಹೀರಾತು ಹಾಕುವ ಹಾಗೂ ಇಲ್ಲ. ಹಾಗಾಗಿ ಗೋಡೆ ಮೇಲೆ, ಫೇಸ್‌ಬುಕ್ಕಿನಲ್ಲಿ "ನೂರಕ್ಕೆ ನೂರು ಗೆಲುವು" ಅಂತ ಕಂಡರೆ ನಿಯಮ ಮುರಿಯುವುದರಿಂದಲೇ ಶುರು ಮಾಡಿದವರು ಅಂದುಕೊಳ್ಳಿ.

ಮೊದಲ ಭೇಟಿಗೆ ಏನು ತಗೊಂಡು ಹೋಗಲಿ?

ಒಂದು ಹಾಳೆ. ಅದರಲ್ಲಿ ಬರೀ ತಾರೀಕು ಮತ್ತು ಏನಾಯಿತು ಅನ್ನುವುದು. "ಕ್ರಯ ಆಗಿದ್ದು ಇಂಥ ದಿನ, ಹಣ ಕೊಟ್ಟಿದ್ದು ಇಂಥ ದಿನ, ನೋಟಿಸ್ ಬಂದಿದ್ದು ಇಂಥ ದಿನ." ಅಷ್ಟೇ. ಎದುರಿನವರು ಎಷ್ಟು ಕೆಟ್ಟವರು ಅನ್ನುವುದನ್ನು ಆಮೇಲೆ ಹೇಳಬಹುದು. ಜೊತೆಗೆ ಕಾಗದಗಳ ಜೆರಾಕ್ಸ್. ಅಸಲು ಮನೆಯಲ್ಲೇ ಇರಲಿ, ಬೇಕಾದಾಗ ತೋರಿಸಿದರಾಯಿತು. ಕೋರ್ಟಿಗೆ ಹಾಜರುಪಡಿಸಲು ಅಸಲು ಕೊಡುವುದಾದರೆ ಒಂದು ಚೀಟಿಯಲ್ಲಿ ಪಟ್ಟಿ ಬರೆದು ಆಫೀಸಿನವರ ಸಹಿ ಹಾಕಿಸಿಕೊಳ್ಳಿ. ಗುಮಾಸ್ತನಾಗಿದ್ದ ನಾನೇ ಇದನ್ನು ಹೇಳುತ್ತಿದ್ದೇನೆ. ನಮ್ಮ ಬೀರುವಿನಲ್ಲೂ ಯಾರದೆಂದು ಗೊತ್ತಾಗದ ಎರಡು ಕ್ರಯಪತ್ರಗಳು ವರ್ಷಗಟ್ಟಲೆ ಇದ್ದವು.

ಇನ್ನೊಂದು, ನಿಮಗೆ ವಿರುದ್ಧವಾದ ಸಂಗತಿ ಇದ್ದರೆ ಮೊದಲು ಅದನ್ನೇ ಹೇಳಿ. ಖಾಲಿ ಚೆಕ್ಕಿಗೆ ಸಹಿ ಹಾಕಿ ಕೊಟ್ಟಿದ್ದೀರಾ? ಮೊದಲೇ ಒಂದು ಕೇಸು ಸೋತಿದ್ದೀರಾ? ನೀವು ಹೇಳಿದ್ದನ್ನು ಲಾಯರು ಹೊರಗೆ ಬಿಡುವ ಹಾಗಿಲ್ಲ, ಸಾಕ್ಷ್ಯದ ಕಾನೂನೇ ಅದನ್ನು ಕಾಪಾಡುತ್ತದೆ. ಮುಚ್ಚಿಟ್ಟಿದ್ದು ಪಾಟೀಸವಾಲಿನಲ್ಲಿ ಎದುರು ಲಾಯರ ಬಾಯಿಂದ ಬಂದರೆ ನಿಮ್ಮ ಲಾಯರಿಗೂ ಮಾತು ಹೊರಡುವುದಿಲ್ಲ. ಅದನ್ನು ಕಣ್ಣಾರೆ ನೋಡಿದ್ದೇನೆ.

ಅವರು ನಿಮ್ಮ ಮಾತು ಕೇಳುವಾಗ ನೀವು ಅವರನ್ನು ಗಮನಿಸಿ. ಕಾಗದ ಓದುತ್ತಾರಾ, ಇಲ್ಲ ಕವರು ನೋಡಿಯೇ "ಬಿಡಿ, ನೋಡ್ಕೊಳ್ಳೋಣ" ಅನ್ನುತ್ತಾರಾ? "ಈ ಅಂಶ ನಿಮಗೆ ಕಷ್ಟ ಕೊಡುತ್ತದೆ" ಅಂತ ಹೇಳುವವರು ಸಿಕ್ಕರೆ ಬಿಡಬೇಡಿ. "ಜಡ್ಜು ನಮಗೆ ಗೊತ್ತು" ಅನ್ನುವವರ ಹತ್ತಿರ ಒಂದು ನಿಮಿಷವೂ ಕೂರಬೇಡಿ.

ದೊಡ್ಡ ಹೆಸರಿನವರನ್ನೇ ಹಿಡಿದರೆ ಗೆಲುವು ಗ್ಯಾರಂಟಿ ಅಲ್ವಾ?

ದೊಡ್ಡ ಹೆಸರಿಗಿಂತ ದೊಡ್ಡ ಪ್ರಶ್ನೆ ಬೇರೆ ಇದೆ: ಕೇಸು ಕೂಗಿದಾಗ ಎದ್ದು ನಿಲ್ಲುವವರು ಯಾರು? ಬೆಂಗಳೂರಿನಲ್ಲಿ ಸಿಟಿ ಸಿವಿಲ್ ಕೋರ್ಟು ಒಂದು ಕಡೆ, ಮೇಯೋ ಹಾಲ್ ಇನ್ನೊಂದು ಕಡೆ, ಕೌಟುಂಬಿಕ ನ್ಯಾಯಾಲಯ ಮತ್ತೊಂದು ಕಡೆ. ಬೆಳಿಗ್ಗೆ ಹನ್ನೊಂದಕ್ಕೆ ಮೂರೂ ಕಡೆ ಇರಲು ಯಾರಿಂದಲೂ ಆಗುವುದಿಲ್ಲ. ಜೂನಿಯರ್ ನಿಲ್ಲುತ್ತಾರೆ, ಅದರಲ್ಲಿ ತಪ್ಪೇನಿಲ್ಲ. ಆ ಜೂನಿಯರ್ ನಿಮ್ಮ ಫೈಲು ಓದಿರಬೇಕು, ಅಷ್ಟೇ.

ನಮ್ಮ ಭಾವನಿಗೆ ಆದದ್ದು ಹೇಳುತ್ತೇನೆ. ನಾನು ಎಷ್ಟು ಬೇಡವೆಂದರೂ ಕೇಳದೆ ನಗರದ ದೊಡ್ಡ ಆಫೀಸಿಗೆ ಕೇಸು ಕೊಟ್ಟ. ಎ.ಸಿ. ರೂಮು, ಗಾಜಿನ ಬಾಗಿಲು, ಕಾಫಿ. ಎರಡು ವರ್ಷದಲ್ಲಿ ಆ ಆಫೀಸಿನ ದೊಡ್ಡ ಲಾಯರನ್ನು ನೋಡಿದ್ದು ಎರಡು ಸಲ. ಜೂನಿಯರ್‌ಗಳು ಮೂವರು ಬದಲಾದರು. ಒಂದು ಮಂಗಳವಾರ ಕೇಸು ಕೂಗಿದಾಗ ಯಾರೂ ಇರಲಿಲ್ಲ. ದಾವೆ ಗೈರುಹಾಜರಿಗೆ ವಜಾ. ಇವನಿಗೆ ಗೊತ್ತಾಗಿದ್ದು ಐವತ್ತು ದಿನದ ಮೇಲೆ. ಮತ್ತೆ ಫೈಲಿಗೆ ತೆಗೆದುಕೊಳ್ಳಿ ಅಂತ ಅರ್ಜಿ ಹಾಕಲು ಇರುವುದು 30 ದಿನ. ವಿಳಂಬ ಮನ್ನಿಸಿ ಅನ್ನುವ ಅರ್ಜಿಯನ್ನೂ ಸೇರಿಸಿ ಹಾಕಿ, ದಂಡ ಕಟ್ಟಿ, ದಾವೆ ಮತ್ತೆ ಜೀವ ಹಿಡಿಯುವಷ್ಟರಲ್ಲಿ ಎಂಟು ತಿಂಗಳು.

"ಸೀನಿಯರ್" ಅನ್ನುವ ಮಾತಿನಲ್ಲೂ ಒಂದು ಗೊಂದಲ ಇದೆ. ವಯಸ್ಸಾದವರನ್ನೆಲ್ಲ ನಾವು ಸೀನಿಯರ್ ಅನ್ನುತ್ತೇವೆ. ಆದರೆ ಹೈಕೋರ್ಟು ಅಥವಾ ಸುಪ್ರೀಂ ಕೋರ್ಟು ಹಿರಿಯ ವಕೀಲರು ಅಂತ ಪದವಿ ಕೊಟ್ಟವರು ಬೇರೆ. ಅವರು ವಕಾಲತ್ತು ಹಾಕುವ ಹಾಗಿಲ್ಲ, ಕಕ್ಷಿದಾರರಿಂದ ನೇರವಾಗಿ ಕೇಸು ತಗೊಳ್ಳುವ ಹಾಗೂ ಇಲ್ಲ. ನಿಮ್ಮ ಲಾಯರೇ ಅವರನ್ನು ವಾದಕ್ಕೆ ಕರೆಸುತ್ತಾರೆ. ಎರಡು ಫೀಸು ಬೀಳುತ್ತದೆ.

ಫೀಸು ಎಷ್ಟು? ಚೌಕಾಸಿ ಮಾಡಬಹುದಾ?

ಮಾಡಬಹುದು, ಮೊದಲ ದಿನವೇ. ಇಡೀ ಕೇಸಿಗೆ ಇಷ್ಟು ಅಂತಲೋ, ಹಾಜರಿಗೆ ಇಷ್ಟು ಅಂತಲೋ ಮಾತಾಗುತ್ತದೆ. ಹಾಜರಿ ಲೆಕ್ಕದಲ್ಲಿ ತಾರೀಕು ಬೆಳೆದಷ್ಟೂ ಬಿಲ್ಲು ಬೆಳೆಯುತ್ತದೆ, ನೆನಪಿರಲಿ. ಇಡೀ ಕೇಸಿಗೆ ಮಾತಾಡಿದರೆ ಹಂತಹಂತವಾಗಿ ಕೊಡಿ: ದಾವೆ ಹಾಕಿದಾಗ ಸ್ವಲ್ಪ, ಸಾಕ್ಷಿ ಶುರುವಾದಾಗ ಸ್ವಲ್ಪ, ವಾದದ ಹೊತ್ತಿಗೆ ಉಳಿದದ್ದು. ಮೇಲ್ಮನವಿ ಇದರಲ್ಲಿ ಸೇರುವುದಿಲ್ಲ. ಕೋರ್ಟ್ ಫೀ, ನೋಟಿಸಿನ ಖರ್ಚು, ಟೈಪಿಂಗು, ನಕಲು, ಕೋರ್ಟು ನೇಮಿಸುವ ಕಮಿಷನರ್ ಫೀ ಎಲ್ಲಾ ಬೇರೆ. ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಹಣ ಯುಪಿಐನಲ್ಲಿ ಕಳಿಸಿದರೆ ಲೆಕ್ಕ ತಾನೇ ಉಳಿಯುತ್ತದೆ.

"ಈಗ ಏನೂ ಬೇಡ, ಪರಿಹಾರ ಬಂದಾಗ ಇಷ್ಟು ಪರ್ಸೆಂಟ್ ಕೊಡಿ" ಅನ್ನುವ ಮಾತು ಅಪಘಾತದ ಕೇಸುಗಳಲ್ಲಿ ಕೇಳಿಬರುತ್ತದೆ. ಕೈಯಲ್ಲಿ ಕಾಸಿಲ್ಲದವರಿಗೆ ಅದು ವರದಂತೆ ಕಾಣುತ್ತದೆ, ನಾನು ಅಲ್ಲಗಳೆಯುವುದಿಲ್ಲ. ಆದರೆ ವಕೀಲರ ಪರಿಷತ್ತಿನ ನಿಯಮ ಅದನ್ನು ಒಪ್ಪುವುದಿಲ್ಲ. ಫಲಿತಾಂಶದ ಮೇಲೆ ಫೀಸು ನಿಲ್ಲಬಾರದು, ಬಂದ ಹಣದಲ್ಲಿ ಪಾಲೂ ಕೇಳಬಾರದು. ಖಾಲಿ ಚೆಕ್ಕಿಗೆ, ಖಾಲಿ ಛಾಪಾ ಕಾಗದಕ್ಕೆ ಸಹಿ ಮಾಡಿಕೊಡಲೇಬೇಡಿ.

ದುಡ್ಡೇ ಇಲ್ಲ. ಏನು ಮಾಡಲಿ?

ನಿಮ್ಮ ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇದೆ. 1987ರ ಕಾಯ್ದೆಯ ಪ್ರಕಾರ ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು, ಜೈಲಿನಲ್ಲಿರುವವರು, ಇವರಿಗೆಲ್ಲ ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ. ಉಳಿದವರಿಗೆ ಆದಾಯದ ಮಿತಿ ಇದೆ. 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ. "ಪುಕ್ಕಟೆ ಲಾಯರು ಏನು ಮಾಡ್ತಾರೆ ಬಿಡಿ" ಅನ್ನುವ ಮಾತು ಕೇಳಿದ್ದೇನೆ. ಕೆಲವರು ಕಾಟಾಚಾರಕ್ಕೆ ಮಾಡುತ್ತಾರೆ, ಸುಳ್ಳಲ್ಲ. ಆದರೆ ಗಂಡ ಬಿಟ್ಟುಹೋದ ಹೆಂಗಸೊಬ್ಬರಿಗೆ ಮೂರು ವರ್ಷ ಒಂದು ತಾರೀಕೂ ತಪ್ಪಿಸದೆ ನಿಂತು ಜೀವನಾಂಶ ಕೊಡಿಸಿದ ಹುಡುಗಿಯನ್ನೂ ನೋಡಿದ್ದೇನೆ. ಸರಿಹೋಗದಿದ್ದರೆ ಬೇರೆಯವರನ್ನು ಕೊಡಿ ಅಂತ ಸಮಿತಿಗೇ ಅರ್ಜಿ ಕೊಡಬಹುದು.

ಪೊಲೀಸರು ಕರೆಯುತ್ತಿದ್ದಾರೆ. ಈಗಲೇ ಲಾಯರ್ ಬೇಕಾ?

ಬೇಕು, ಇವತ್ತೇ. ಬಂಧನವಾಗುವ ಭಯ ಇದ್ದರೆ ನಿರೀಕ್ಷಣಾ ಜಾಮೀನು. ಅದು ಸಿಗುವುದು ಸೆಷನ್ಸ್ ಕೋರ್ಟಿನಲ್ಲಿ ಅಥವಾ ಹೈಕೋರ್ಟಿನಲ್ಲಿ, ಮ್ಯಾಜಿಸ್ಟ್ರೇಟರ ಹತ್ತಿರ ಅಲ್ಲ. ಆದ್ದರಿಂದ ಜಿಲ್ಲಾ ಕೇಂದ್ರದಲ್ಲಿ ಕ್ರಿಮಿನಲ್ ಕೇಸು ನಡೆಸುವವರನ್ನು ನೋಡಿ. ಬಂಧನ ಆಗಿಬಿಟ್ಟಿದ್ದರೆ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲೇಬೇಕು. 2024ರ ಜುಲೈ 1ರಿಂದ ಹೊಸ ಕ್ರಿಮಿನಲ್ ಕಾನೂನುಗಳು ಬಂದಿವೆ. ನಮ್ಮ ಬಾಯಲ್ಲಿ ಇನ್ನೂ 420 ಅಂತಲೇ ಬರುತ್ತದೆ, ಈಗ ಅದು 318. ಲಾಯರು ಮಾತಿನಲ್ಲಿ ಹಳೇ ನಂಬರ್ ಹೇಳಿದರೆ ತಪ್ಪು ತಿಳಿಯಬೇಡಿ, ಅರ್ಜಿಯಲ್ಲಿ ಹೊಸದು ಇದೆಯಾ ನೋಡಿ.

ನೀವೇ ದೂರು ಕೊಟ್ಟವರಾದರೆ ಕೇಸು ನಡೆಸುವುದು ಸರ್ಕಾರಿ ಅಭಿಯೋಜಕರು. ಅವರಿಗೆ ನೀವು ಫೀಸು ಕೊಡುವ ಹಾಗಿಲ್ಲ. ಬೇಕಿದ್ದರೆ ಕೋರ್ಟಿನ ಅನುಮತಿ ಪಡೆದು ನಿಮ್ಮ ಲಾಯರನ್ನು ಅವರ ಸಹಾಯಕ್ಕೆ ಇಟ್ಟುಕೊಳ್ಳಬಹುದು.

ಲಾಯರನ್ನು ಹುಡುಕಲು ಎಷ್ಟು ದಿನ ತಗೊಳ್ಳಬಹುದು?

ಕೇಸಿನ ಮೇಲೆ ಹೋಗುತ್ತದೆ. ಕೋರ್ಟಿನಿಂದ ದಾವೆಯ ಸಮನ್ಸ್ ಬಂದಿದ್ದರೆ ಲಿಖಿತ ಹೇಳಿಕೆ (ದಾವೆಗೆ ನಿಮ್ಮ ಉತ್ತರ) ಕೊಡಲು 30 ದಿನ, ಕೋರ್ಟು ಒಪ್ಪಿದರೆ 90ರವರೆಗೆ. ಸಮನ್ಸ್ ತಗೊಳ್ಳದೆ ಬಾಗಿಲು ಹಾಕಿಕೊಂಡರೆ ಬಚಾವ್ ಅಂದುಕೊಂಡವರು ಸುಮಾರು ಜನ. ಕೇಸು ಎಕ್ಸ್‌ಪಾರ್ಟಿ ಆಗುತ್ತದೆ, ಅಂದರೆ ನೀವಿಲ್ಲದೆಯೇ ನಡೆದುಹೋಗುತ್ತದೆ, ಅಷ್ಟೇ.

ಚೆಕ್ ಬೌನ್ಸ್ ಆಗಿದ್ದರೆ ಇನ್ನೂ ಬಿಗಿ. ಚೆಕ್ ವಾಪಸಾಯಿತು ಅನ್ನುವ ಬ್ಯಾಂಕಿನ ಮೆಮೊ ಕೈಗೆ ಬಂದ 30 ದಿನದೊಳಗೆ ನೋಟಿಸ್ ಹೋಗಬೇಕು. ನೋಟಿಸ್ ತಲುಪಿದ ಮೇಲೆ ಅವರಿಗೆ 15 ದಿನ. ಆಮೇಲೆ ಒಂದು ತಿಂಗಳೊಳಗೆ ದೂರು. ಕಿರಾಣಿ ಅಂಗಡಿಯವರೊಬ್ಬರು ಮೆಮೊವನ್ನು ಗಲ್ಲಾದಲ್ಲೇ ಇಟ್ಟು ನಲವತ್ತನೇ ದಿನ ಬಂದಿದ್ದರು. ಪುಣ್ಯಕ್ಕೆ ಚೆಕ್ಕಿನ ಮೂರು ತಿಂಗಳು ಮುಗಿದಿರಲಿಲ್ಲ. ಮತ್ತೆ ಬ್ಯಾಂಕಿಗೆ ಹಾಕಿಸಿ, ಹೊಸ ಮೆಮೊ ತಗೊಂಡು ಹೊಸದಾಗಿ ಶುರು ಮಾಡಿದೆವು.

ಹೈಕೋರ್ಟಿಗೆ ಅಂದರೆ ಬೆಂಗಳೂರಿನ ಲಾಯರೇ ಆಗಬೇಕಾ?

ಜಿಲ್ಲೆ ಯಾವುದು? ಕಲಬುರಗಿ, ಬೀದರ್, ರಾಯಚೂರು, ಯಾದಗಿರಿ, ವಿಜಯಪುರದವರಿಗೆ ಕಲಬುರಗಿ ಪೀಠ. ಬೆಳಗಾವಿ, ಬಾಗಲಕೋಟೆ, ಗದಗ, ಹಾವೇರಿ, ಉತ್ತರ ಕನ್ನಡ, ಕೊಪ್ಪಳ, ಬಳ್ಳಾರಿ ಕಡೆಯವರಿಗೆ ಧಾರವಾಡ. 2008ರಿಂದ ಈ ಪೀಠಗಳು ಇವೆ, ಆದರೂ ಬೆಂಗಳೂರಿಗೆ ರಾತ್ರಿ ಬಸ್ಸು ಹತ್ತುವವರು ಇದ್ದಾರೆ. ಊರಿನ ಲಾಯರಿಂದ ಎಲ್ಲಾ ದಾಖಲೆಗಳ ದೃಢೀಕೃತ ನಕಲು ತಗೊಂಡೇ ಹೊರಡಿ. ಅಲ್ಲಿ ಕಲಾಪ ಇಂಗ್ಲಿಷಿನಲ್ಲಿ. ಕನ್ನಡದ ಕಾಗದಗಳಿಗೆ ಅನುವಾದದ ಖರ್ಚೂ ಸೇರುತ್ತದೆ.

ಸರ್ಕಾರಿ ನೌಕರರಿಗೆ ಒಂದು ಮಾತು: ಬಡ್ತಿ, ವರ್ಗಾವಣೆಯ ಕೇಸು ಹೋಗುವುದು ರಾಜ್ಯ ಆಡಳಿತ ನ್ಯಾಯಮಂಡಳಿ, ಅಂದರೆ ಕೆಎಸ್‌ಎಟಿಗೆ. ಕೆಎಟಿ ಅಂದರೆ ಮೇಲ್ಮನವಿ ನ್ಯಾಯಮಂಡಳಿ, ಅದು ಬೇರೆ.

ನಾನು ವಿದೇಶದಲ್ಲಿದ್ದೇನೆ. ಊರಿನ ಆಸ್ತಿ ಕೇಸಿಗೆ ಲಾಯರನ್ನು ಇಡುವುದು ಹೇಗೆ?

ನಂಬಿಕಸ್ಥರೊಬ್ಬರಿಗೆ ಅಧಿಕಾರಪತ್ರ, ಅಂದರೆ ಜಿಪಿಎ ಕೊಡಿ. ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿ ಕಳಿಸಿ. ಅದು ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಕೇಸು ನಡೆಸಲು ಮಾತ್ರ ಬೇಕಾದರೆ ಅಷ್ಟನ್ನೇ ಬರೆಯಿರಿ, ಮಾರುವ ಅಧಿಕಾರ ಸೇರಿಸಬೇಡಿ. ಲಾಯರ ಹೆಸರಿಗೇ ಜಿಪಿಎ ಬೇಡ.

ಕೇಸು ನಡೆಯುತ್ತಿದೆಯೋ ಇಲ್ಲವೋ ತಿಳಿಯುವುದು ಹೇಗೆ?

ಕೇಸು ದಾಖಲಾದ ಮೇಲೆ 16 ಅಕ್ಷರ-ಅಂಕಿಗಳ ಸಿಎನ್‌ಆರ್ ನಂಬರ್ ಸಿಗುತ್ತದೆ. ಇ-ಕೋರ್ಟ್ಸ್ ಆ್ಯಪಿನಲ್ಲಿ ಅದನ್ನು ಹಾಕಿದರೆ ಮುಂದಿನ ತಾರೀಕು, ಹಿಂದೆ ಏನಾಯಿತು, ಎಲ್ಲಾ ಕಾಣುತ್ತದೆ. ನಮ್ಮ ಭಾವ ಇದನ್ನು ನೋಡಿದ್ದರೆ ಐವತ್ತು ದಿನ ಕಾಯಬೇಕಿರಲಿಲ್ಲ. ಈ ನಂಬರ್ ಕೊಡಲು ಹಿಂದೆಮುಂದೆ ನೋಡುವ ಆಫೀಸಿಗೆ ಕೇಸು ಕೊಡಬೇಡಿ.

ಲಾಯರನ್ನು ಬದಲಾಯಿಸಬಹುದಾ? ಅವರು ಫೈಲು ಕೊಡುತ್ತಿಲ್ಲ.

ಯಾವ ಹಂತದಲ್ಲಾದರೂ ಬದಲಾಯಿಸಬಹುದು. ಹೊಸಬರು ಹಳಬರಿಂದ ಆಕ್ಷೇಪಣೆ ಇಲ್ಲ ಅನ್ನುವ ಪತ್ರ, ಅಂದರೆ ಎನ್‌ಒಸಿ ತನ್ನಿ ಅನ್ನುತ್ತಾರೆ, ಅದು ರೂಢಿ. ಕೊಡದಿದ್ದರೆ ಕೋರ್ಟಿನ ಅನುಮತಿ ಕೇಳಬಹುದು. ಫೀಸು ಬಾಕಿ ಇದೆ ಅಂತ ಫೈಲು ಹಿಡಿದಿಟ್ಟುಕೊಳ್ಳುವ ಹಕ್ಕು ಲಾಯರಿಗಿಲ್ಲ. ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ 2000ದಲ್ಲೇ ಸುಪ್ರೀಂ ಕೋರ್ಟು ಹಾಗೆ ಹೇಳಿದೆ. ಬಾಕಿಗೆ ಅವರು ಬೇರೆ ದಾವೆ ಹಾಕಿಕೊಳ್ಳಲಿ. ಆದರೂ ನಿಜವಾದ ಬಾಕಿ ಇದ್ದರೆ ಕೊಟ್ಟುಬಿಡಿ, ಎಲ್ಲಾ ಸಲೀಸಾಗುತ್ತದೆ.

ಹಣ ನುಂಗಿದರು, ಎದುರು ಪಾರ್ಟಿ ಜೊತೆ ಸೇರಿಕೊಂಡರು ಅನ್ನುವಂಥ ದೂರಿದ್ದರೆ ವಕೀಲರ ಕಾಯ್ದೆಯ 35ನೇ ಕಲಮಿನಲ್ಲಿ ರಾಜ್ಯ ಪರಿಷತ್ತಿಗೆ ಬರೆಯಿರಿ. ಗ್ರಾಹಕರ ಆಯೋಗಕ್ಕೆ ಹೋಗಲಾಗದು, 2024ರ ಮೇನಲ್ಲಿ ಸುಪ್ರೀಂ ಕೋರ್ಟು ಆ ಬಾಗಿಲು ಮುಚ್ಚಿದೆ.

ರಾಜಿ ಮಾಡಿಕೊಳ್ಳಿ ಅನ್ನುತ್ತಿದ್ದಾರೆ. ಎದುರಿನವರಿಗೆ ಮಾರಿಕೊಂಡರಾ?

ಎಲ್ಲರಿಗೂ ಬರುವ ಅನುಮಾನ. ನನ್ನ ಅನುಭವದಲ್ಲಿ ಹೆಚ್ಚಿನ ಸಲ ಹಾಗಿರುವುದಿಲ್ಲ. ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಕೋರ್ಟ್ ಫೀ ವಾಪಸ್ ಬರುತ್ತದೆ. ಆದರೆ ಅದರ ಮೇಲೆ ಅಪೀಲು ಇಲ್ಲ, ಹಾಗಾಗಿ ಸಹಿಗೆ ಮೊದಲು ಪ್ರತಿ ಸಾಲು ಕನ್ನಡದಲ್ಲಿ ಓದಿಸಿಕೊಳ್ಳಿ. ಯಾಕೆ ರಾಜಿ, ಸೋತರೆ ಏನು ಹೋಗುತ್ತದೆ, ಗೆದ್ದರೂ ಎಷ್ಟು ವರ್ಷ ಅಂತ ಕೇಳಿ. ಲೆಕ್ಕ ಹಾಕಿ ತೋರಿಸುವವರನ್ನು ನಂಬಬಹುದು.

ಇಷ್ಟೆಲ್ಲ ಬೇಡ, ಒಬ್ಬರ ಹೆಸರು ಹೇಳಿಬಿಡಿ.

ಹೇಳುವುದಿಲ್ಲ. ಒಂದು ಬೆಳಿಗ್ಗೆ ಬಿಡುವು ಮಾಡಿಕೊಂಡು ನಿಮ್ಮ ಕೇಸು ಬರುವ ಕೋರ್ಟ್ ಹಾಲಿಗೆ ಹೋಗಿ. ಕೌಟುಂಬಿಕ ವಿಚಾರಣೆಯಂಥವು ಬಿಟ್ಟರೆ ಯಾರು ಬೇಕಾದರೂ ಒಳಗೆ ಕೂರಬಹುದು. ಮೊಬೈಲ್ ಆಫ್ ಮಾಡಿ ಹಿಂದಿನ ಬೆಂಚಿನಲ್ಲಿ ಕೂತುಕೊಳ್ಳಿ. ಮಧ್ಯಾಹ್ನ ಊಟದ ಹೊತ್ತಿಗೆ ಯಾರು ಫೈಲು ತೆರೆಯದೆ "ಟೈಮ್ ಬೇಕು ಸ್ವಾಮಿ" ಅಂದರು, ಯಾರು ಸಾಕ್ಷಿಯನ್ನು ಬೈಯದೆ ಬೇಕಾದ ಉತ್ತರ ತೆಗೆಸಿದರು, ಯಾರ ಮಾತಿಗೆ ಜಡ್ಜು ಪೆನ್ನು ಎತ್ತಿಕೊಂಡರು, ಎಲ್ಲಾ ಕಾಣುತ್ತದೆ. ಹೊರಗೆ ಬಂದಾಗ ನಿಮಗೆ ಹಿಡಿಸಿದ ಲಾಯರ ಗುಮಾಸ್ತರನ್ನು ಮಾತಾಡಿಸಿ, ಆಫೀಸು ಎಲ್ಲಿ ಅಂತ ಅವರೇ ಹೇಳುತ್ತಾರೆ.